ತುಕ್ಕು ಕತ್ತರಿಸುವ ಮೊದಲು ಅಳತೆ: ಹಳೆಯ ಅಂಬಾಸಿಡರ್‌ನ ಅಡಿಭಾಗ ನೆಟ್ಟಗಿದೆಯೇ ಎಂದು ತಿಳಿಯುವುದು ಹೇಗೆ

ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು. ಈಗ ಉಳಿದಿರುವ ಕಾರುಗಳೇ ಕಾರುಗಳು. ಕೇಂದ್ರ ಸರ್ಕಾರ 2021ರಲ್ಲಿ ತಂದ ವಿಂಟೇಜ್ ವಾಹನ ನೋಂದಣಿ ನಿಯಮವು ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲ ರೂಪದಲ್ಲೇ ಇರುವ, ಷಾಸಿ, ಬಾಡಿ ಷೆಲ್ ಅಥವಾ ಎಂಜಿನ್ನಿನಲ್ಲಿ ಮಾರ್ಪಾಡು ಆಗಿರದ ವಾಹನಗಳಿಗೆ ಪ್ರತ್ಯೇಕ ನೋಂದಣಿ ಕೊಡುತ್ತದೆ. 1970ರ ದಶಕದ ಮೊದಲ ವರ್ಷಗಳ ಅಂಬಾಸಿಡರ್‌ಗಳು ಆ ವಯಸ್ಸು ದಾಟಿವೆ. ತಾತನ ಕಾಲದ ಕಾರನ್ನು ಷೆಡ್ಡಿನಿಂದ ಹೊರಗೆಳೆದು ಟಿಂಕರಿಂಗ್‌ಗೆ ಬಿಡೋಣವೆಂದು ಹೊರಟವರು ಮೊದಲು ಎದುರಿಸುವುದು ಅಡಿಭಾಗದ ತುಕ್ಕನ್ನು.

ಕೊಳೆತ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯುವ ಕೈಗಳಿಗೆ ನಮ್ಮ ಊರುಗಳಲ್ಲಿ ಕೊರತೆಯಿಲ್ಲ. ಆದರೆ ಕತ್ತರಿಸುವ ಮೊದಲು ಮಾಡಲೇಬೇಕಾದ ಒಂದು ಕೆಲಸ ಆಗಾಗ ತಪ್ಪಿಹೋಗುತ್ತದೆ. ತುಕ್ಕು ಹಿಡಿದ ತಗಡು ಬಲ ಕಳೆದುಕೊಂಡಿದ್ದರೂ, ಯಾವ ಭಾಗ ಎಲ್ಲಿರಬೇಕು ಎಂಬುದನ್ನು ಇನ್ನೂ ತೋರಿಸುತ್ತಿರುತ್ತದೆ. ಗ್ರೈಂಡರ್ ಇಟ್ಟ ಮೇಲೆ ಆ ಗುರುತು ಸಿಗುವುದಿಲ್ಲ. ಕಾರು ಆ ಹೊತ್ತಿಗೆ ಎರಡು ಇಂಚು ಜೋತುಬಿದ್ದಿದ್ದರೆ ವೆಲ್ಡಿಂಗ್ ಆ ಜೋಲನ್ನೇ ಶಾಶ್ವತ ಮಾಡುತ್ತದೆ. ಆಮೇಲೆ ಬಾಗಿಲು ಕೂರುವುದಿಲ್ಲ, ಟೈರು ಒಂದು ಬದಿ ಸವೆಯುತ್ತದೆ, ಕಾರು ರಸ್ತೆಯಲ್ಲಿ ಒಂದು ಕಡೆಗೆ ಎಳೆಯುತ್ತದೆ. ಇಷ್ಟನ್ನು ತಪ್ಪಿಸಲು ಬೇಕಾಗಿರುವುದು ಟೇಪು, ದಾರ, ತೂಗುಗುಂಡು, ನೀರಿನ ಪೈಪು ಮತ್ತು ಒಂದು ದಿನದ ತಾಳ್ಮೆ.

ಬೇರೆ ಷಾಸಿ ಇಲ್ಲದ ಕಾರು

ಲಾರಿಗೂ ಹಳೆಯ ಜೀಪಿಗೂ ಕೆಳಗೆ ದಪ್ಪ ಉಕ್ಕಿನ ಷಾಸಿ ಇರುತ್ತದೆ, ಬಾಡಿ ಅದರ ಮೇಲೆ ಬೋಲ್ಟುಗಳಿಂದ ಕೂತಿರುತ್ತದೆ. ಬಾಡಿ ತುಕ್ಕು ಹಿಡಿದರೂ ಚಕ್ರಗಳ ಜಾಗ ಬದಲಾಗುವುದಿಲ್ಲ. ಅಂಬಾಸಿಡರ್ ಹಾಗಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯಿಂದ ಬಂದ ಈ ಕಾರು ಮಾನೊಕಾಕ್ ಬಗೆಯದು. ಅಂದರೆ ನೆಲದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆ, ಪಿಲ್ಲರ್ ಎಂಬ ಛಾವಣಿ ಹೊರುವ ಕಂಬಗಳು, ಛಾವಣಿ ಎಲ್ಲವೂ ಸ್ಪಾಟ್ ವೆಲ್ಡಿಂಗ್‌ನಿಂದ ಒಂದೇ ಗೂಡಾಗಿ, ಆ ಗೂಡೇ ಭಾರ ಹೊರುತ್ತದೆ. ಬೆಂಕಿಪೊಟ್ಟಣದಿಂದ ಒಳಗಿನ ಡಬ್ಬಿ ತೆಗೆದು ಬರೀ ಹೊರಕವಚವನ್ನು ಬೆರಳಲ್ಲಿ ಒತ್ತಿ ನೋಡಿ. ಸುಲಭವಾಗಿ ವಾಲಿ ಓರೆಯಾಗುತ್ತದೆ. ಡಬ್ಬಿ ಒಳಗಿದ್ದಾಗ ಅದೇ ಕವಚ ಗಟ್ಟಿ. ನೆಲ ಮತ್ತು ಬಾಗಿಲಡಿಯ ಪೆಟ್ಟಿಗೆಗಳು ಕೊಳೆತ ಅಂಬಾಸಿಡರ್, ಡಬ್ಬಿ ತೆಗೆದ ಪೊಟ್ಟಣ.

ಅಳತೆಗೆ ಇಳಿಯುವ ಮೊದಲು ಕೆಲವು ಭಾಗಗಳ ಪರಿಚಯ ಬೇಕು. ಎಂಜಿನ್ನಿನ ಎರಡು ಬದಿಯಲ್ಲಿ ಮುಂದಿನಿಂದ ಹಿಂದಕ್ಕೆ ಹೋಗುವ ಪೆಟ್ಟಿಗೆಯಾಕಾರದ ತೊಲೆಗಳನ್ನು ಇಲ್ಲಿ ಉದ್ದತೊಲೆ ಎನ್ನೋಣ. ಅವುಗಳನ್ನು ಎಡಬಲ ಕಟ್ಟುವುದು ಅಡ್ಡತೊಲೆ. ಬಾಗಿಲ ಕೆಳಗಿನ ಉದ್ದ ಪೆಟ್ಟಿಗೆಯನ್ನು ಗ್ಯಾರೇಜುಗಳಲ್ಲಿ ರನ್ನಿಂಗ್ ಬೋರ್ಡ್ ಎನ್ನುವುದುಂಟು. ಹೊರಗಿನಿಂದ ಅದು ಅಲಂಕಾರದ ಪಟ್ಟಿಯಂತೆ ಕಂಡರೂ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಕಾರು ಬಾಗದಂತೆ ಹಿಡಿಯುವುದರಲ್ಲಿ ಅದರ ಪಾಲು ದೊಡ್ಡದು.

ಅಂಬಾಸಿಡರ್‌ಗೇ ವಿಶೇಷವಾದ ಒಂದು ಸಂಗತಿ ಮುಂದಿನ ಸಸ್ಪೆನ್ಷನ್ನಿನದು. ಅಲ್ಲಿ ಸುರುಳಿ ಸ್ಪ್ರಿಂಗ್ ಇಲ್ಲ. ಟಾರ್ಷನ್ ಬಾರ್ ಎಂಬ ಉದ್ದನೆಯ ಉಕ್ಕಿನ ಸರಳು ಇದೆ. ಅದರ ಮುಂದಿನ ತುದಿ ಚಕ್ರದ ಕೆಳತೋಳಿಗೆ ಸಿಕ್ಕಿರುತ್ತದೆ, ಹಿಂದಿನ ತುದಿ ಕಾರಿನ ನೆಲದಡಿಯ ಅಡ್ಡತೊಲೆಯಲ್ಲಿ ಬಿಗಿದಿರುತ್ತದೆ. ಚಕ್ರ ಏರಿಳಿದಂತೆ ಸರಳು ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಹೀಗಾಗಿ ಮುಂದಿನ ಚಕ್ರದ ಭಾರವನ್ನು ಕೊನೆಗೆ ತಡೆದು ನಿಲ್ಲಿಸುವುದು ನೆಲದಡಿಯ ಆ ಅಡ್ಡತೊಲೆ. ಕೆಸರು ನೀರು ನಿಲ್ಲುವ ಜಾಗವೂ ಅದೇ. ಅಲ್ಲಿ ತುಕ್ಕು ತಿಂದರೆ ಕಾರಿನ ಆ ಮೂಲೆ ಕುಸಿಯುತ್ತದೆ.

ಗೂಡು ಕೆಡುವ ನಾಲ್ಕು ರೀತಿ

ಅಳತೆಯ ತರ್ಕ ಸರಳ. ಕಾರಿನ ಅಡಿಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಜೋಡಿ ಬಿಂದುಗಳನ್ನು ಹಿಡಿದು ಉದ್ದ, ಅಗಲ, ಕರ್ಣ, ಎತ್ತರ ನೋಡುತ್ತೇವೆ. ಕರ್ಣ ಎಂದರೆ ಮುಂದಿನ ಎಡದಿಂದ ಹಿಂದಿನ ಬಲಕ್ಕೆ, ಮುಂದಿನ ಬಲದಿಂದ ಹಿಂದಿನ ಎಡಕ್ಕೆ ಎಳೆವ ಓರೆಗೆರೆ.

ಲೆಕ್ಕ ಸುಲಭವಾಗಲೆಂದು ಅಗಲ 1000 ಮಿ.ಮೀ., ಉದ್ದ 2400 ಮಿ.ಮೀ. ಇರುವ ಒಂದು ಆಯತ ಇಟ್ಟುಕೊಳ್ಳೋಣ. ಎರಡೂ ಕರ್ಣ ಸರಿಯಾಗಿ 2600 ಮಿ.ಮೀ. ಈಗ ಅಪಘಾತದಲ್ಲಿ ಮುಂದಿನ ಭಾಗ ಪೂರ್ತಿ 6 ಮಿ.ಮೀ. ಎಡಕ್ಕೆ ಸರಿಯಿತು ಅನ್ನಿ. ಎಡ ಉದ್ದ, ಬಲ ಉದ್ದ ಎರಡೂ 2400 ಆಗಿಯೇ ಕಾಣುತ್ತವೆ, ಏಕೆಂದರೆ ಬದಲಾವಣೆ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು. ಕರ್ಣಗಳು ಮಾತ್ರ 2602.3 ಮತ್ತು 2597.7 ಆಗುತ್ತವೆ. ಉದ್ದ ಸಮ, ಕರ್ಣ ಬೇರೆ ಎಂದರೆ ಗೂಡು ಪಕ್ಕಕ್ಕೆ ವಾಲಿದೆ.

ಅದರ ಬದಲು ಮುಂದಿನ ಎಡ ಬಿಂದು ಒಂದೇ 6 ಮಿ.ಮೀ. ಮುಂದಕ್ಕೆ ಹೋಗಿದ್ದರೆ ಎಡ ಉದ್ದ 2406, ಒಂದು ಕರ್ಣ 2605.5, ಇನ್ನೊಂದು 2600. ಉದ್ದವೂ ಬೇರೆ, ಕರ್ಣವೂ ಬೇರೆ. ಒಂದು ಬದಿಯ ತೊಲೆ ಮಾತ್ರ ಜಾಗ ಬದಲಿಸಿದೆ ಎಂದು ಇದರಿಂದ ತಿಳಿಯುತ್ತದೆ.

ಮೂರನೆಯದು ತಿರುಚು. ಮುಂದಿನ ಎಡಮೂಲೆ ಮೇಲೆ, ಮುಂದಿನ ಬಲಮೂಲೆ ಕೆಳಗೆ. ನಾಲ್ಕನೆಯದು ಜೋಲು, ನಡುಭಾಗ ಕೆಳಕ್ಕೆ ಇಳಿಯುವುದು. ಈ ಎರಡನ್ನೂ ಉದ್ದವಾಗಲಿ ಕರ್ಣವಾಗಲಿ ಹೇಳುವುದಿಲ್ಲ. ಎತ್ತರವೇ ಹೇಳಬೇಕು.

ಟೇಪಿಗೆ ಕಾಣದ ಜೋಲು

ತುಕ್ಕು ಹಿಡಿದ ಕಾರಿನಲ್ಲಿ ಅತಿ ಹೆಚ್ಚಾಗಿ ಆಗುವುದು ಜೋಲು. ಅತಿ ಹೆಚ್ಚಾಗಿ ತಪ್ಪಿಹೋಗುವುದೂ ಅದೇ. 2400 ಮಿ.ಮೀ. ಉದ್ದದ ತೊಲೆ ಸರಿಯಾಗಿ ನಡುವೆ 5 ಮಿ.ಮೀ. ಇಳಿದಿದೆ ಎನ್ನಿ. ಮುಂದಿನ ತುದಿಯಿಂದ ಹಿಂದಿನ ತುದಿಗೆ ಟೇಪು ಎಳೆದರೆ ಅಳತೆ ಕಡಿಮೆಯಾಗುವುದು ಕೇವಲ 0.02 ಮಿ.ಮೀ. ಯಾವ ಟೇಪಿಗೂ ಅದು ಕಾಣದು. ಉದ್ದವೂ ಕರ್ಣವೂ ಸರಿಯಿದೆ, ಕಾರು ನೆಟ್ಟಗಿದೆ ಎಂದು ತೀರ್ಮಾನಿಸಿದರೆ ಮೋಸ ಹೋದಂತೆ.

ಅದೇ ಜೋಲು ಬಾಗಿಲ ಬಳಿ ಎದ್ದು ಕಾಣುತ್ತದೆ. ನಡು ಕೆಳಗಿಳಿದಾಗ ಮುಂದಿನ ಅರ್ಧ ಹಿಂದಕ್ಕೂ, ಹಿಂದಿನ ಅರ್ಧ ಮುಂದಕ್ಕೂ ವಾಲಿ, ಮೇಲಿನ ತುದಿಗಳು ಹತ್ತಿರ ಬರುತ್ತವೆ. ಮೇಲಿನ ಲೆಕ್ಕದಲ್ಲಿ, ನೆಲದಿಂದ 1 ಮೀಟರ್ ಮೇಲೆ ಬಾಗಿಲ ಚೌಕಟ್ಟು ಸುಮಾರು 8 ಮಿ.ಮೀ. ಕಿರಿದಾಗುತ್ತದೆ. ಅಂಬಾಸಿಡರ್‌ಗೆ ನಾಲ್ಕು ಬಾಗಿಲು, ಆದ್ದರಿಂದ ಈ ಕಿರಿದು ಮುಂದಿನ ಹಿಂದಿನ ಬಾಗಿಲುಗಳಿಗೆ ಹಂಚಿಹೋಗುತ್ತದೆ. ಆದರೂ ಬಾಗಿಲ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಜೋಲಿನ ಅನುಮಾನ ಪಡಲೇಬೇಕು. ಮೇಲೆ ಅಗಲ, ಕೆಳಗೆ ಕಿರಿದು ಇದ್ದರೆ ನಡುಭಾಗವನ್ನು ಯಾರೋ ಜ್ಯಾಕಿನಲ್ಲಿ ಎತ್ತಿ ಬೆಸೆದಿದ್ದಾರೆ, ಇಲ್ಲವೇ ಈಗ ತಪ್ಪು ಜಾಗದಲ್ಲಿ ಆಧಾರ ಕೊಟ್ಟಿದ್ದೀರಿ.

ಇಲ್ಲಿ ಒಂದು ಎಚ್ಚರ. ಬಾಗಿಲು ಕೆಳಗಿಳಿಯುವುದು ಹಿಂಜ್ ಸವೆದಾಗಲೂ ಆಗುತ್ತದೆ. ಬಾಗಿಲು ಅರ್ಧ ತೆರೆದು ಹಿಡಿಕೆಯ ಕಡೆಯ ತುದಿಯನ್ನು ಕೈಯಲ್ಲಿ ಮೇಲಕ್ಕೆತ್ತಿ. ಹಿಂಜಿನಲ್ಲಿ ಆಟ ಸಿಕ್ಕರೆ ಮೊದಲು ಪಿನ್ನು ಬದಲಿಸಿ, ಆಮೇಲೆ ಸಂದು ಅಳೆಯಿರಿ. ಸಂದನ್ನು ಪ್ರತಿ ಬಾಗಿಲಿನ ಮುಂದೆ, ಹಿಂದೆ, ಮೇಲೆ, ನಡುವೆ, ಕೆಳಗೆ ಡ್ರಿಲ್ ಬಿಟ್ಟುಗಳಿಂದ ಅಳೆಯುವುದು ಸುಲಭ. 4 ಮಿ.ಮೀ. ಬಿಟ್ಟು ನುಗ್ಗಿ 5ರದು ನುಗ್ಗದಿದ್ದರೆ ಅಲ್ಲಿ ಸಂದು 4ಕ್ಕೂ 5ಕ್ಕೂ ನಡುವೆ ಎಂದು ಬರೆಯಿರಿ.

ಕಾರನ್ನು ನಿಲ್ಲಿಸುವ ಬಗೆ

ಕೊಳೆತ ಗೂಡು ಮೆತ್ತಗಿರುತ್ತದೆ. ಆಧಾರ ಎಲ್ಲಿ ಕೊಡುತ್ತೀರೋ ಹಾಗೆ ಬಾಗುತ್ತದೆ. ಅಂದರೆ ನೀವು ಅಳೆಯುವುದು ಕಾರನ್ನಷ್ಟೇ ಅಲ್ಲ, ಕಾರು ಮತ್ತು ಸ್ಟ್ಯಾಂಡು ಎರಡನ್ನೂ ಸೇರಿಸಿ. ಈ ಕಾರಣಕ್ಕೆ ಮೊದಲ ಅಳತೆ ಯಾವಾಗಲೂ ಕಾರು ತನ್ನ ಚಕ್ರಗಳ ಮೇಲೆ ನಿಂತಿರುವಾಗಲೇ ಆಗಬೇಕು, ಎಂಜಿನ್ ಒಳಗೇ ಇರಬೇಕು. ಟೈರುಗಳಿಗೆ ಸಮ ಗಾಳಿ ಹಾಕಿ, ಸ್ಟೀರಿಂಗ್ ನೇರ ಇಟ್ಟು, ಕಾರನ್ನು ಕೈಯಲ್ಲಿ ಒಂದೆರಡು ಮೀಟರ್ ಹಿಂದೆ ಮುಂದೆ ತಳ್ಳಿ, ನಾಲ್ಕೂ ಮೂಲೆ ಒತ್ತಿ ಬಿಡಿ. ಈ ಸ್ಥಿತಿಯಲ್ಲಿ ಬಾಗಿಲ ಸಂದುಗಳನ್ನೂ, ಎರಡು ಬದಿಯ ವೀಲ್‌ಬೇಸನ್ನೂ ಬರೆದುಕೊಳ್ಳಿ. ವೀಲ್‌ಬೇಸ್ ಎಂದರೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗಿನ ದೂರ. ಅಂಬಾಸಿಡರ್‌ನದು 2464 ಮಿ.ಮೀ., ಹಳೆಯ ಲೆಕ್ಕದಲ್ಲಿ 97 ಇಂಚು.

ಎಡ ಬಲ ವೀಲ್‌ಬೇಸ್ ಬೇರೆ ಬಂದ ಮಾತ್ರಕ್ಕೆ ಗೂಡು ಬಾಗಿದೆ ಎನ್ನಲಾಗದು. ಹಿಂದಿನ ಆಕ್ಸಲ್ ಕಮಾನ್ ಪಟ್ಟಿಯ (ಲೀಫ್ ಸ್ಪ್ರಿಂಗ್) ಮೇಲೆ ಕೂರುವುದು ಸೆಂಟರ್ ಬೋಲ್ಟಿನ ಆಧಾರದಲ್ಲಿ. ಆ ಬೋಲ್ಟು ತುಂಡಾಗಿದ್ದರೆ, ಆಕ್ಸಲನ್ನು ಪಟ್ಟಿಗೆ ಬಿಗಿಯುವ ಯು ಬೋಲ್ಟು ಸಡಿಲವಾಗಿದ್ದರೆ ಆಕ್ಸಲ್ ಹಿಂದೆ ಮುಂದೆ ಸರಿದಿರುತ್ತದೆ. ಹಾಗೆಯೇ ಮುಂದಿನ ಒಂದು ಮೂಲೆ ತಗ್ಗಿದ್ದರೆ ಟಾರ್ಷನ್ ಬಾರ್ ಸುಸ್ತಾಗಿದ್ದೂ ಇರಬಹುದು. ಗೂಡಿನ ಸ್ಥಿತಿ ತಿಳಿಯಲು ಗೂಡಿನ ಬಿಂದುಗಳನ್ನೇ ಅಳೆಯಬೇಕು.

ಅದಕ್ಕಾಗಿ ಎರಡನೆಯ ಸುತ್ತು ಸ್ಟ್ಯಾಂಡುಗಳ ಮೇಲೆ. ಟನ್ನಿಗೂ ಹೆಚ್ಚು ತೂಗುವ ಕಾರು ಇದು. ಸಿಮೆಂಟ್ ಬ್ಲಾಕು, ಇಟ್ಟಿಗೆ ಮುಟ್ಟಬೇಡಿ, ಅವು ಸೂಚನೆ ಕೊಡದೆ ಒಡೆಯುತ್ತವೆ. ತಲಾ 2 ಅಥವಾ 3 ಟನ್ ತಾಳುವ ನಾಲ್ಕು ಆಕ್ಸಲ್ ಸ್ಟ್ಯಾಂಡು ಬೇಕು. ಮುಂದೆ ಸಸ್ಪೆನ್ಷನ್ ಕೂರುವ ಜಾಗದ ಹತ್ತಿರ, ಹಿಂದೆ ಕಮಾನ್ ಪಟ್ಟಿಯ ಮುಂದಿನ ಕೊಂಡಿಯ ಹತ್ತಿರ ಆಧಾರ ಕೊಡಿ. ಅಂದರೆ ರಸ್ತೆಯಲ್ಲಿ ಭಾರ ಬೀಳುವ ಜಾಗಗಳಿಗೆ ಹತ್ತಿರ. ರನ್ನಿಂಗ್ ಬೋರ್ಡಿನ ನಡುವೆ, ಜ್ಯಾಕ್ ಪಾಯಿಂಟಿನಲ್ಲಿ ಸ್ಟ್ಯಾಂಡು ಇಟ್ಟರೆ ನೀವು ಅಳೆಯಬೇಕಾದ ಜೋಲನ್ನು ನೀವೇ ಅಳಿಸಿಹಾಕಿದಂತೆ. ಮೂರು ಸ್ಟ್ಯಾಂಡು ಭಾರ ಹೊತ್ತ ಮೇಲೆ ನಾಲ್ಕನೆಯದನ್ನು ತೆಳು ತಗಡಿನ ತುಂಡುಗಳಿಂದ ಏರಿಸಿ ಅದು ಭಾರ ತೆಗೆದುಕೊಳ್ಳಲು ಶುರು ಮಾಡಿದಲ್ಲಿಗೆ ನಿಲ್ಲಿಸಿ. ಹೆಚ್ಚು ಏರಿಸಿದರೆ ಗೂಡು ತಿರುಚಿಕೊಳ್ಳುತ್ತದೆ.

ಈ ಎರಡನೆಯ ಸುತ್ತನ್ನು ಎಂಜಿನ್ ಇಳಿಸಿ ಅಳೆಯುವುದೋ ಇಟ್ಟುಕೊಂಡೇ ಅಳೆಯುವುದೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಎರಡೂ ಸರಿ. ಆದರೆ ಮುಂಚಿನ ಅಳತೆ, ನಡುವಿನ ಅಳತೆ, ಕೊನೆಯ ಅಳತೆ ಮೂರೂ ಒಂದೇ ಸ್ಥಿತಿಯಲ್ಲಿರಬೇಕು. ಎಂಜಿನ್, ಸೀಟು, ಗಾಜು, ಬಾಗಿಲು ಏನೇನು ಇತ್ತು ಏನೇನು ಇರಲಿಲ್ಲ ಎಂದು ಪುಸ್ತಕದ ಮೊದಲ ಸಾಲಿನಲ್ಲೇ ಬರೆಯಿರಿ.

ಬೇಕಾದ ಸಾಮಾನು

ಒಂದು ಒಳ್ಳೆಯ 5 ಮೀಟರ್ ಉಕ್ಕಿನ ಟೇಪು, ಕೆಲಸ ಮುಗಿಯುವವರೆಗೂ ಅದೊಂದೇ. ಎರಡನೇ ದರ್ಜೆಯ ಟೇಪಿನಲ್ಲಿ 3 ಮೀಟರ್ ಉದ್ದಕ್ಕೆ 0.9 ಮಿ.ಮೀ.ವರೆಗೆ ತಪ್ಪಿಗೆ ಅವಕಾಶವಿದೆ, ಹಾಗಾಗಿ ಎರಡು ಟೇಪು ಬೆರೆಸಿದರೆ ಇಲ್ಲದ ವ್ಯತ್ಯಾಸ ಹುಟ್ಟುತ್ತದೆ. ತುದಿಯ ಕೊಕ್ಕೆಯಿಂದ ಅಳೆಯಬೇಡಿ, ಅದು ಅಲುಗಾಡುತ್ತದೆ. 100 ಮಿ.ಮೀ. ಗುರುತನ್ನು ಬಿಂದುವಿಗೆ ಹಿಡಿದು, ಬಂದ ಅಳತೆಯಿಂದ 100 ಕಳೆಯಿರಿ.

ಗಾರೆ ಕೆಲಸದವರ ಹಿತ್ತಾಳೆ ತೂಗುಗುಂಡು, ಚಾಕ್ ದಾರ, ಸುಮಾರು 8 ಮಿ.ಮೀ. ಒಳವ್ಯಾಸದ 10 ಮೀಟರ್ ಪಾರದರ್ಶಕ ಪೈಪು, ಮೀನಿನ ಗಾಳದ ನೈಲಾನ್ ದಾರ, ರಸಮಟ್ಟ, ಕಾಗದದ ಅಂಟುಪಟ್ಟಿ, ಚೂಪಾದ ಪೆನ್ಸಿಲ್. ಇವುಗಳ ಜೊತೆ ಎರಡು ಬಿಂದುಗಳ ನಡುವಿನ ದೂರ ಹಿಡಿಯುವ ಒಂದು ಟ್ರ್ಯಾಮ್ ಗೇಜ್ ಮಾಡಿಕೊಂಡರೆ ಕೆಲಸ ಅರ್ಧ ಹಗುರ. 25 ಮಿ.ಮೀ. ಚೌಕದ, 3 ಮೀಟರ್ ಉದ್ದದ ಅಲ್ಯೂಮಿನಿಯಂ ಪೈಪು. ಅದರ ಮೇಲೆ ಜಾರುವ, ಸ್ಕ್ರೂನಿಂದ ಬಿಗಿಯಬಹುದಾದ ಎರಡು ತೋಳು. ತೋಳಿನಲ್ಲಿ 12 ಮಿ.ಮೀ. ಸರಳು, ತುದಿಯನ್ನು ಲೇತಿನಲ್ಲಿ ಶಂಕುವಿನಂತೆ ಚೂಪು ಮಾಡಿಸಿ. ಶಂಕು ತುದಿ ಯಾವ ರಂಧ್ರಕ್ಕೆ ಕೂತರೂ ತಾನಾಗಿ ನಡುವಿಗೆ ಬರುತ್ತದೆ. ಎಕ್ಸಾಸ್ಟ್ ಪೈಪು, ಪ್ರೊಪೆಲ್ಲರ್ ಶಾಫ್ಟ್ ಅಡ್ಡ ಬಂದು ಟೇಪು ಬಾಗುವ ಕಡೆ ಇದೊಂದೇ ದಾರಿ. ಸರಳುಗಳನ್ನು ಒಂದೇ ಉದ್ದಕ್ಕೆ ಇಟ್ಟುಕೊಂಡು ಎಡಕ್ಕೂ ಬಲಕ್ಕೂ ಹಾಗೇ ಬಳಸಿ.

ಗೇಜ್ ಇಲ್ಲದಿದ್ದರೆ ರಂಧ್ರದ ನಡುವನ್ನು ಕಣ್ಣಂದಾಜಿನಲ್ಲಿ ಹಿಡಿಯಬೇಡಿ. ಎರಡು ರಂಧ್ರಗಳ ಒಳ ಅಂಚಿನಿಂದ ಒಳ ಅಂಚಿಗೆ ಒಂದು ಅಳತೆ, ಹೊರ ಅಂಚಿನಿಂದ ಹೊರ ಅಂಚಿಗೆ ಇನ್ನೊಂದು. ಎರಡರ ಸರಾಸರಿಯೇ ನಡುವಿನಿಂದ ನಡುವಿಗಿರುವ ದೂರ. ರಂಧ್ರಗಳ ಗಾತ್ರ ಬೇರೆಯಾದರೂ ಈ ಲೆಕ್ಕ ತಪ್ಪದು.

ಯಾವ ಬಿಂದುಗಳು

ಎರಡೂ ಬದಿಯಲ್ಲಿ ಇರುವ, ಕಾರ್ಖಾನೆಯಲ್ಲಿ ಕೊರೆದ, ದಪ್ಪ ತಗಡಿನಲ್ಲಿರುವ ರಂಧ್ರಗಳೇ ನಂಬಿಕೆಗೆ ಅರ್ಹ. ಮುಂದಿನಿಂದ ಹಿಂದಕ್ಕೆ: ಮುಂದಿನ ಬಂಪರ್ ಕೊಂಡಿಯ ಬೋಲ್ಟು, ಮುಂದಿನ ಕೆಳತೋಳು ಗೂಡಿಗೆ ಸೇರುವ ಜಾಗ, ಎಂಜಿನ್ ಅಡ್ಡತೊಲೆಯ ಬೋಲ್ಟು, ಟಾರ್ಷನ್ ಬಾರಿನ ಹಿಂದಿನ ಬಿಗಿತದ ಜಾಗ, ಕಮಾನ್ ಪಟ್ಟಿಯ ಮುಂದಿನ ಕೊಂಡಿ, ಪಟ್ಟಿಯ ಹಿಂದಿನ ಷಾಕಲ್ (ತೂಗುಕೊಂಡಿ), ಹಿಂದಿನ ಬಂಪರ್ ಬೋಲ್ಟು. ಇವು ಏಳು ಜೋಡಿ. ಎಡ-1, ಬಲ-1 ಎಂದು ಹೆಸರಿಟ್ಟು, ಪ್ರತಿಯೊಂದನ್ನೂ ಟೇಪು ಕಾಣುವಂತೆ ಫೋಟೊ ತೆಗೆಯಿರಿ. ಷಾಸಿ ನಂಬರ್ ಇರುವ ಜಾಗದ ಫೋಟೊ ಕೂಡ ಈಗಲೇ ಆಗಲಿ. ಆ ತಗಡಿಗೆ ಕತ್ತರಿ ಹಾಕುವ ಮಾತೇ ಬೇಡ.

ನಂಬಬಾರದ ಬಿಂದುಗಳೂ ಇವೆ. ಕಬ್ಬಿಣ ತುಕ್ಕಾದಾಗ ಗಾತ್ರ ಹಲವು ಪಟ್ಟು ಹಿಗ್ಗುತ್ತದೆ. ಎರಡು ತಗಡು ಕೂಡುವ ಜೋಡಿನೊಳಗೆ ತುಕ್ಕು ಬೆಳೆದರೆ ಸ್ಪಾಟ್ ವೆಲ್ಡುಗಳ ನಡುವೆ ತಗಡು ಉಬ್ಬಿ ಕೆಲವು ಮಿಲಿಮೀಟರ್ ಹೊರಬರುತ್ತದೆ. ಅಂಥ ಅಂಚಿನಿಂದ ಅಳೆದರೆ ನೀವು ಅಳೆದದ್ದು ತುಕ್ಕನ್ನು. ಜ್ಯಾಕ್ ಪಾಯಿಂಟು ವರ್ಷಗಟ್ಟಲೆ ಒತ್ತಿಸಿಕೊಂಡಿರುತ್ತದೆ. ಹಿಂದೊಮ್ಮೆ ತೇಪೆ ಹಾಕಿದ ಜಾಗದಲ್ಲಿ ರಂಧ್ರವನ್ನು ಕೈಯಲ್ಲಿ ಕೊರೆದಿರಬಹುದು. ಮೊದಲು ಡಾಂಬರಿನಂಥ ಅಂಡರ್‌ಕೋಟನ್ನು ಕೆರೆದು ತೆಗೆದು, ಸಣ್ಣ ಸುತ್ತಿಗೆಯಿಂದ ತಟ್ಟಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ಕೊಳೆತದ್ದು ಬದ್ದೆನ್ನುತ್ತದೆ. ಅನುಮಾನವಿದ್ದರೆ ಚೂಪು ಸ್ಕ್ರೂಡ್ರೈವರ್ ಒತ್ತಿ ನೋಡಿ. ಹಾಳಾದ ಬಿಂದುವನ್ನು ಪಟ್ಟಿಯಿಂದ ಬಿಡಬೇಡಿ, ಪಕ್ಕದಲ್ಲಿ "ಅನುಮಾನ" ಎಂದು ಗುರುತು ಹಾಕಿ.

ಬಿಂದುಗಳನ್ನು ನೆಲಕ್ಕೆ ಇಳಿಸುವುದು

ಬಿಂದುವಿನಿಂದ ಬಿಂದುವಿಗೆ ಎಳೆದ ಟೇಪು ಎತ್ತರದ ವ್ಯತ್ಯಾಸವನ್ನೂ ಸೇರಿಸಿಕೊಳ್ಳುತ್ತದೆ. ಕಾರನ್ನು ಮೇಲಿನಿಂದ ನೋಡಿದ ನಕ್ಷೆ ಬೇಕೆಂದರೆ ಎಲ್ಲ ಬಿಂದುಗಳನ್ನೂ ತೂಗುಗುಂಡಿನಿಂದ ನೆಲಕ್ಕೆ ಇಳಿಸಬೇಕು. ಇದು ಹೊಸ ಉಪಾಯವಲ್ಲ, ಆ ಕಾಲದ ಬ್ರಿಟಿಷ್ ಕಾರುಗಳ ವರ್ಕ್‌ಷಾಪ್ ಕೈಪಿಡಿಗಳಲ್ಲಿ ಕಾಣುವ ವಿಧಾನ ಇದೇ. ನಿಮ್ಮ ಕಾರಿನ ಕೈಪಿಡಿಯಲ್ಲಿ ಅಳತೆಯ ನಕ್ಷೆ ಇದ್ದರೆ ಅದೇ ಪ್ರಮಾಣ. ಇಲ್ಲದಿದ್ದರೆ ಎಡ ಬಲದ ಹೋಲಿಕೆ, ಮತ್ತು ಸಾಧ್ಯವಾದರೆ ಅದೇ ಮಾದರಿಯ ಇನ್ನೊಂದು ಗಟ್ಟಿ ಕಾರಿನ ಅಳತೆ.

ಮೊದಲು ಕಾರು ಅಡ್ಡಡ್ಡ ಮಟ್ಟವಾಗಿರಬೇಕು. ಇದನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ. ಕಾರು ಪಕ್ಕಕ್ಕೆ 1 ಡಿಗ್ರಿ ವಾಲಿದ್ದರೂ, ಎತ್ತರದಲ್ಲಿ 200 ಮಿ.ಮೀ. ವ್ಯತ್ಯಾಸವಿರುವ ಎರಡು ಬಿಂದುಗಳು ನೆಲದ ಮೇಲೆ ಪರಸ್ಪರ 3.5 ಮಿ.ಮೀ. ಸರಿದು ಬೀಳುತ್ತವೆ. ನೆಲದ ಇಳಿಜಾರು ಮಾತ್ರ ಉದ್ದಗಲಗಳನ್ನು ಅಷ್ಟಾಗಿ ಕೆಡಿಸದು. 100ಕ್ಕೆ 1ರಷ್ಟು ಇಳಿಜಾರಿದ್ದರೆ 3 ಮೀಟರಿನಲ್ಲಿ ಬರುವ ತಪ್ಪು 0.15 ಮಿ.ಮೀ. ಅಷ್ಟೇ.

ರಂಧ್ರಕ್ಕೆ ಹೊಂದುವ ಒಂದು ಬೋಲ್ಟಿನ ನಟ್ಟನಡುವೆ 2 ಮಿ.ಮೀ. ತೂತು ಕೊರೆಸಿ, ದಾರವನ್ನು ಅದರಿಂದ ಇಳಿಬಿಡಿ. ಗುಂಡಿನ ಮೊನೆ ನೆಲದಿಂದ 2-3 ಮಿ.ಮೀ. ಮೇಲಿರಲಿ. ಫ್ಯಾನು ಆರಿಸಿ. ನೆಲಕ್ಕೆ ಅಂಟುಪಟ್ಟಿ ಹಚ್ಚಿ ಮೊನೆಯ ಕೆಳಗೆ ಸಣ್ಣ ಕೂಡುಗೆರೆ ಹಾಕಿ. ಒಬ್ಬರು ಗುರುತು ಹಾಕಿದ ಮೇಲೆ ಇನ್ನೊಬ್ಬರು ಹೊಸದಾಗಿ ಗುಂಡು ಇಳಿಸಿ ನೋಡಲಿ. ಒಂದು ಮಿಲಿಮೀಟರಿಗಿಂತ ಹೆಚ್ಚು ತಪ್ಪಿದರೆ ಮತ್ತೊಮ್ಮೆ.

ಎಲ್ಲ ಗುರುತೂ ಆದ ಮೇಲೆ ಪ್ರತಿ ಜೋಡಿಯ ನಡುಬಿಂದು ಕಂಡುಹಿಡಿಯಿರಿ. ನೆಟ್ಟಗಿರುವ ಕಾರಿನಲ್ಲಿ ಈ ನಡುಬಿಂದುಗಳೆಲ್ಲ ಒಂದೇ ಗೆರೆಯಲ್ಲಿ ಬೀಳುತ್ತವೆ, ಅದೇ ಕಾರಿನ ನಡುಗೆರೆ. ಇಲ್ಲಿ ಸಾಮಾನ್ಯ ತಪ್ಪೆಂದರೆ ಮೊದಲ ಮತ್ತು ಕೊನೆಯ ಜೋಡಿಗೆ ಚಾಕ್ ದಾರ ಎಳೆದು ಅದನ್ನೇ ನಡುಗೆರೆ ಎನ್ನುವುದು. ಬಂಪರ್ ಕೊಂಡಿಗಳು ಡಿಕ್ಕಿ ಹೊಡೆಸಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಬಾಗಿದ ತುದಿಯನ್ನು ಆಧಾರ ಮಾಡಿಕೊಂಡರೆ ನೆಟ್ಟಗಿರುವ ನಡುಭಾಗವೇ ತಪ್ಪಾಗಿ ತೋರುತ್ತದೆ. ಹೆಚ್ಚು ನಡುಬಿಂದುಗಳು 2 ಮಿ.ಮೀ. ಒಳಗೆ ಕೂರುವ ಗೆರೆ ಯಾವುದೋ ಅದನ್ನು ಹಿಡಿಯಿರಿ. ಯಾವ ಜೋಡಿಯಿಂದ ನಡುಬಿಂದು ಗೆರೆ ಬಿಟ್ಟು ಸರಿಯಲು ಶುರುವಾಗುತ್ತದೋ ಬಾಗು ಅಲ್ಲಿಂದ ಶುರುವಾಗಿದೆ. ಆಮೇಲೆ ಪಕ್ಕಪಕ್ಕದ ಜೋಡಿಗಳ ನಡುವೆ ಕರ್ಣ ಎಳೆದು ದೃಢಪಡಿಸಿಕೊಳ್ಳಿ.

ಎತ್ತರ: ನೀರಿನ ಪೈಪಿನ ಕೆಲಸ

ಇಳಿಜಾರು ನೆಲ ಇಲ್ಲಿ ಪೂರ್ತಿ ಮೋಸ ಮಾಡುತ್ತದೆ. 100ಕ್ಕೆ 1ರ ಅದೇ ಇಳಿಜಾರು 3 ಮೀಟರಿನಲ್ಲಿ 30 ಮಿ.ಮೀ. ಹಾಗಾಗಿ ನೆಲದಿಂದ ಎತ್ತರ ಅಳೆಯಬಾರದು. ಪೈಪಿಗೆ ಬಣ್ಣದ ನೀರು ತುಂಬಿ, ಗುಳ್ಳೆ ಒಂದೂ ಉಳಿಯದಂತೆ ನೋಡಿ. ಒಂದು ಗುಳ್ಳೆ ಇದ್ದರೂ ಎರಡು ತುದಿಯ ಮಟ್ಟ ಬೇರೆಯಾಗುತ್ತದೆ. ಕಾರಿನ ಎರಡು ಬದಿಯಲ್ಲೂ ಮುಂದೆ ಹಿಂದೆ ಒಂದೊಂದು ಗಟ್ಟಿ ಗೂಟ ನಿಲ್ಲಿಸಿ, ನಾಲ್ಕರ ಮೇಲೂ ನೀರಿನ ಮಟ್ಟದಿಂದ ಒಂದೇ ಎತ್ತರದ ಗುರುತು ಹಾಕಿ, ಕಾರಿನ ಅತಿ ತಗ್ಗಿನ ಬಿಂದುವಿಗಿಂತಲೂ ಕೆಳಗೆ ಗಾಳದ ದಾರ ಬಿಗಿಯಾಗಿ ಎಳೆಯಿರಿ. ಅಡ್ಡಕ್ಕೆ ಒಂದು ನೇರ ಅಲ್ಯೂಮಿನಿಯಂ ಪಟ್ಟಿಯನ್ನು ಎರಡು ದಾರಗಳಿಗೆ ತಾಗಿಯೂ ತಾಗದಂತೆ ಹಿಡಿದು, ಅಲ್ಲಿಂದ ಮೇಲಕ್ಕೆ ಬಿಂದುವಿನ ಎತ್ತರ ಅಳೆಯಿರಿ. ಲೇಸರ್ ಮಟ್ಟ ಇದ್ದರೆ ಕೆಲಸ ಬೇಗ. ಆದರೆ ಅಗ್ಗದ ಯಂತ್ರಗಳ ತಪ್ಪು 10 ಮೀಟರಿಗೆ 3 ಮಿ.ಮೀ.ವರೆಗೂ ಇರುತ್ತದೆ, ನೀರಿನ ಪೈಪಿನೊಂದಿಗೆ ಒಮ್ಮೆ ತಾಳೆ ನೋಡಿಕೊಳ್ಳಿ.

ಹಿಂದಿನ ಪಟ್ಟಿಯ ಮುಂದಿನ ಕೊಂಡಿಗಳು ಎಡ ಬಲ ಒಂದೇ ಮಟ್ಟದಲ್ಲಿರುವಾಗ ಮುಂದಿನ ಕೆಳತೋಳಿನ ಬಿಂದುಗಳಲ್ಲಿ ಎಡ ಬಲ ಎಷ್ಟು ವ್ಯತ್ಯಾಸ ಇದೆಯೋ ಅಷ್ಟು ತಿರುಚು. ಎರಡು ಬದಿಯಲ್ಲಿ ಮುಂದಿನ ಬಿಂದು, ಟಾರ್ಷನ್ ಬಾರಿನ ಬಿಂದು, ಹಿಂದಿನ ಕೊಂಡಿ ಈ ಮೂರರ ಎತ್ತರ ಬರೆದು ಎಡ ಬಲ ಹೋಲಿಸಿದರೆ ಜೋಲು ತಿಳಿಯುತ್ತದೆ. ಎರಡೂ ಬದಿ ಸಮವಾಗಿ ಜೋತಿದ್ದರೆ ಹೋಲಿಕೆ ಸುಮ್ಮನಿರುತ್ತದೆ. ಆಗ ಬಾಗಿಲ ಸಂದುಗಳೇ ಸಾಕ್ಷಿ.

ಅಳತೆಯನ್ನು ನೆರಳಿನಲ್ಲಿ, ಒಂದೇ ಹೊತ್ತಿನಲ್ಲಿ ಮುಗಿಸಿ. 2.4 ಮೀಟರ್ ಉಕ್ಕು 15 ಡಿಗ್ರಿ ಬಿಸಿಯಾದರೆ 0.4 ಮಿ.ಮೀ. ಹಿಗ್ಗುತ್ತದೆ. ಅದು ದೊಡ್ಡದಲ್ಲ, ಆದರೆ ಬಿಸಿಲಿಗೆ ಛಾವಣಿ ಕಾದು ನೆಲ ತಣ್ಣಗಿದ್ದರೆ ಗೂಡು ಒಟ್ಟಾಗಿ ಬಾಗುತ್ತದೆ.

ಅಂಕಿಗಳನ್ನು ಓದುವುದು

ಆ ಕಾಲದ ಕಾರುಗಳಲ್ಲಿ ಎಡಬಲಕ್ಕೆ 2-3 ಮಿ.ಮೀ. ವ್ಯತ್ಯಾಸ ಕಂಡರೆ ನಿದ್ದೆಗೆಡುವ ಕಾರಣವಿಲ್ಲ. 5-6 ದಾಟಿದರೆ ಕಾರಣ ಹುಡುಕಲೇಬೇಕು. ಒಂದೇ ಬಿಂದು ತಪ್ಪಿದ್ದರೆ ಆ ಬಿಂದುವೇ ಕೆಟ್ಟಿರಬಹುದು. ಪಕ್ಕಪಕ್ಕದ ಎರಡು ಮೂರು ಬಿಂದುಗಳು ಒಂದೇ ದಿಕ್ಕಿಗೆ ತಪ್ಪಿದ್ದರೆ ತೊಲೆ ಬಾಗಿದೆ. ಸುತ್ತಮುತ್ತ ತುಕ್ಕಿಲ್ಲದೆ, ತಗಡಿನಲ್ಲಿ ಸುಕ್ಕು, ಹಳೆಯ ಸುತ್ತಿಗೆ ಗುರುತು ಇದ್ದರೆ ಅದು ಹಳೆಯ ಅಪಘಾತ. ಉದ್ದತೊಲೆ 10 ಮಿ.ಮೀ.ಗಿಂತ ಹೆಚ್ಚು ಪಕ್ಕಕ್ಕೆ ಸರಿದಿದ್ದರೆ ಷೆಡ್ಡಿನಲ್ಲಿ ಸರಪಳಿ ಕಟ್ಟಿ ಎಳೆಯುವ ಸಾಹಸ ಬೇಡ. ಗೂಡನ್ನು ಬಿಗಿದು ಎಳೆಯುವ ಬೆಂಚ್ ಇರುವ ಬಾಡಿಷಾಪಿಗೆ ಕೊಂಡೊಯ್ಯಿರಿ, ನಿಮ್ಮ ಅಳತೆಯ ಪುಸ್ತಕ ಜೊತೆಯಲ್ಲಿರಲಿ.

ಜೋಲು ಮಾತ್ರವಿದ್ದರೆ ಕತ್ತರಿಸುವ ಮೊದಲೇ ಸರಿಪಡಿಸಬಹುದು. ಗಟ್ಟಿಯಿರುವ ತೊಲೆಯ ಕೆಳಗೆ ಉದ್ದನೆಯ ಮರದ ದಿಮ್ಮಿ ಇಟ್ಟು ಜ್ಯಾಕನ್ನು ಸ್ವಲ್ಪಸ್ವಲ್ಪವೇ ಏರಿಸಿ, ಪ್ರತಿ ಮಿಲಿಮೀಟರಿಗೂ ಬಾಗಿಲ ಸಂದು ನೋಡುತ್ತಾ ಹೋಗಿ. ಮರ ತಗಡಿನೊಳಗೆ ಕುಸಿಯತೊಡಗಿದರೆ ಅಲ್ಲಿ ಬಲವಿಲ್ಲ, ಜಾಗ ಬದಲಿಸಿ.

ಕತ್ತರಿಸುವಾಗಲೂ ಅಳತೆ ನಿಲ್ಲದು

ಬ್ಯಾಟರಿ ಕಳಚಿ. ಹಿಂಭಾಗದಲ್ಲಿ ವೆಲ್ಡಿಂಗ್ ಇದ್ದರೆ ಪೆಟ್ರೋಲ್ ಟ್ಯಾಂಕನ್ನು ಕಾರಿನಿಂದ ಪೂರ್ತಿ ತೆಗೆದು ದೂರ ಇಡಿ. ಖಾಲಿ ಟ್ಯಾಂಕಿನೊಳಗಿನ ಆವಿ, ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಅಪಾಯ. ಟಾರ್ಷನ್ ಬಾರ್ ಸಿಕ್ಕಿಸಿದ ಅಡ್ಡತೊಲೆಯನ್ನು ಮುಟ್ಟುವ ಮೊದಲು ಬಾರಿನ ತಿರುಚನ್ನು ಕ್ರಮವಾಗಿ ಸಡಿಲಿಸಲೇಬೇಕು. ಬಿಗಿದಿರುವ ಬಾರ್ ಹಠಾತ್ತನೆ ಬಿಟ್ಟುಕೊಂಡರೆ ಕೈ ಮುರಿಯುವಷ್ಟು ಶಕ್ತಿ ಅದರಲ್ಲಿದೆ.

ಆಮೇಲೆ ಬಾಗಿಲ ಚೌಕಟ್ಟುಗಳಿಗೆ 25 ಮಿ.ಮೀ. ಚೌಕದ, 2 ಮಿ.ಮೀ. ದಪ್ಪದ ಪೈಪಿನ ಊರೆ, ಅಂದರೆ ಚೌಕಟ್ಟು ಅಲುಗದಂತೆ ಹಿಡಿಯುವ ತಾತ್ಕಾಲಿಕ ಆಧಾರ, ಬೆಸೆಯಿರಿ: ಮುಂದಿನ ಪಿಲ್ಲರಿನಿಂದ ನಡು ಪಿಲ್ಲರಿಗೆ, ಅಲ್ಲಿಂದ ಹಿಂದಕ್ಕೆ, ಮತ್ತು ಎಡದಿಂದ ಬಲಕ್ಕೆ ಅಡ್ಡ. ಊರೆ ಕಾರಿನ ಒಳಬದಿಗೆ ಇರಲಿ, ಬಾಗಿಲು ಹಾಕಿ ಸಂದು ನೋಡಲು ಬರಬೇಕು. ಕತ್ತರಿಸಿಹೋಗುವ ತಗಡಿಗೆ ಊರೆಯನ್ನು ಬೆಸೆದರೆ ಉಪಯೋಗವಿಲ್ಲ. ಬೆಸೆದ ಮೇಲೆ ಎಲ್ಲ ಅಳತೆ ಇನ್ನೊಮ್ಮೆ ನೋಡಿ, ಊರೆಯ ವೆಲ್ಡಿಂಗೇ ಚೌಕಟ್ಟನ್ನು ಎಳೆದಿರಬಹುದು.

ಒಮ್ಮೆಗೆ ಒಂದು ಬದಿ, ಒಂದು ಪದರ. ಎರಡೂ ರನ್ನಿಂಗ್ ಬೋರ್ಡು ಒಟ್ಟಿಗೆ ಬಿಚ್ಚಿದರೆ ಊರೆ ಇದ್ದರೂ ಗೂಡು ಅಲುಗುತ್ತದೆ. ಹೊಸ ತಗಡಿಗೆ ಮೊದಲು ಟ್ಯಾಕ್ (ಅಲ್ಲಲ್ಲಿ ಚುಕ್ಕಿಯಷ್ಟು ಬೆಸುಗೆ) ಮಾತ್ರ ಹಾಕಿ, ಬಾಗಿಲು ಮುಚ್ಚಿ, ಎತ್ತರ ಮತ್ತು ಕರ್ಣ ನೋಡಿ. ಟ್ಯಾಕನ್ನು ಗ್ರೈಂಡರಿನಲ್ಲಿ ಬಿಡಿಸುವುದು ಐದು ನಿಮಿಷದ ಕೆಲಸ, ಪೂರ್ತಿ ವೆಲ್ಡನ್ನು ಬಿಡಿಸುವುದೆಂದರೆ ಹೊಸ ತಗಡನ್ನೇ ಹಾಳು ಮಾಡುವುದು. ಸರಿಯಿದ್ದರೆ 20-25 ಮಿ.ಮೀ. ತುಂಡುತುಂಡಾಗಿ, ಒಂದು ತುದಿ ಆದ ಮೇಲೆ ಇನ್ನೊಂದು ತುದಿಗೆ ಹಾರುತ್ತ ಬೆಸೆಯಿರಿ. ಕರಗಿದ ಲೋಹ ತಣಿಯುವಾಗ ಕುಗ್ಗಿ ತಗಡನ್ನು ತನ್ನ ಕಡೆಗೆ ಎಳೆಯುತ್ತದೆ. ಒಂದೇ ಉಸಿರಿಗೆ ಉದ್ದ ವೆಲ್ಡ್ ಎಳೆದರೆ ಆ ಎಳೆತವೆಲ್ಲ ಒಂದೇ ಕಡೆ ಸೇರುತ್ತದೆ.

ಒಂದು ಬದಿ ಪೂರ್ತಿ ತಣ್ಣಗಾದ ಮೇಲೆ ಏಳೂ ಜೋಡಿಗಳನ್ನು ಮತ್ತೆ ಅಳೆದು, ಆಮೇಲೆ ಇನ್ನೊಂದು ಬದಿಗೆ ಹೋಗಿ. ಎರಡೂ ಮುಗಿದು ಊರೆ ತೆಗೆದ ಮೇಲೆ ಕಾರನ್ನು ಚಕ್ರಗಳ ಮೇಲೆ ಇಳಿಸಿ, ಮೊದಲ ದಿನ ನಿಲ್ಲಿಸಿದ ಸ್ಥಿತಿಯಲ್ಲೇ ಬಾಗಿಲ ಸಂದು ಮತ್ತು ವೀಲ್‌ಬೇಸ್ ನೋಡಿ, ಹಳೆಯ ಅಂಕಿಗಳ ಪಕ್ಕದಲ್ಲೇ ಹೊಸವನ್ನು ಬರೆಯಿರಿ. ಅಂಡರ್‌ಕೋಟ್ ಹೊಡೆಯುವ ಮೊದಲು ಅಳತೆಯ ಹದಿನಾಲ್ಕು ರಂಧ್ರಗಳಿಗೂ ಅಂಟುಪಟ್ಟಿ ಹಚ್ಚಿ. ಕೋಟ್ ಆರಿದ ಮೇಲೆ ಪಟ್ಟಿ ಕಿತ್ತು, ಅಲ್ಲಿಗೆ ತೆಳುವಾಗಿ ಮೇಣ ಅಥವಾ ಗ್ರೀಸ್ ಸವರಿದರೆ ತುಕ್ಕು ಹಿಡಿಯದು, ಮುಂದೆ ಯಾರು ಅಳೆದರೂ ಅದೇ ಬಿಂದುಗಳು ಸಿಗುತ್ತವೆ.